ಆಹಾರದ ಆರ್ಡರಿನ ದತ್ತಸಂಚಯ: ಕೋಷ್ಟಕಗಳ ರಚನೆಯನ್ನು ಕುರಿತು ಒಂದು ವಿವೇಚನೆ

೧. ವಿಷಯಪ್ರವೇಶ

ಮನೆಯಲ್ಲಿ ಕುಳಿತು ಮೊಬೈಲ್ ಫೋನಿನ ಮೂಲಕ ಹೋಟೆಲಿನಿಂದ ತಿಂಡಿಯನ್ನೋ ಊಟವನ್ನೋ ತರಿಸಿಕೊಳ್ಳುವ ಪದ್ಧತಿಯು ಇಂದು ನಮ್ಮ ನಗರಗಳಲ್ಲಿ ಸರ್ವಸಾಮಾನ್ಯವಾಗಿದೆ. ೧೯೯೪ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಸಾಂಟಾ ಕ್ರೂಸ್‌ನಲ್ಲಿ ಪಿಜ್ಜಾ ಹಟ್ ಸಂಸ್ಥೆಯು ಅಂತರಜಾಲದ ಮೂಲಕ ಆರ್ಡರು ಸ್ವೀಕರಿಸುವ ಪ್ರಯೋಗವನ್ನು ನಡೆಸಿತು. ೨೦೧೪ರಲ್ಲಿ ಬೆಂಗಳೂರಿನಲ್ಲಿ ಸ್ವಿಗ್ಗಿ ಸಂಸ್ಥೆಯು ಆರಂಭವಾಯಿತು. ಈ ಪದ್ಧತಿಯು ಬೆಳೆದ ಬಗೆಯನ್ನು ವರ್ಣಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಇಂತಹ ಒಂದು ಆರ್ಡರು ಬಂದಾಗ ಅದರ ವಿವರಗಳನ್ನು ಯಾವ ಯಾವ ಕೋಷ್ಟಕಗಳಲ್ಲಿ, ಯಾವ ಕ್ರಮದಲ್ಲಿ ಬರೆದಿಡಬೇಕು. ಹಾಗೆ ಬರೆದಿಡುವಲ್ಲಿ ಎಚ್ಚರ ತಪ್ಪಿದರೆ ಯಾರಿಗೆ ನಷ್ಟವಾಗುವುದು ಎಂಬುದನ್ನು ವಿಚಾರಿಸುವುದಷ್ಟೇ ಇಲ್ಲಿಯ ಉದ್ದೇಶವಾಗಿದೆ.

ಗಣಕಶಾಸ್ತ್ರಕ್ಕೆ ಸೇರಿದ ಈ ವಿಷಯದಲ್ಲಿ ಇತಿಹಾಸವನ್ನು ಬೋಧಿಸುವವರಿಗೆ ಏನು ಕೆಲಸವೆಂಬ ಪ್ರಶ್ನೆಯು ವಾಚಕರಲ್ಲಿ ಸಹಜವಾಗಿ ಏಳಬಹುದು. ದತ್ತಸಂಚಯವೆಂದರೆ ಬರಹದ ಆಧಾರಗಳ ಸಂಗ್ರಹ. ಒಂದು ಬರಹವು ನಡೆದುದನ್ನು ನಡೆದಂತೆಯೇ ಹೇಳುವುದೋ ಅಥವಾ ಅನಂತರ ತಿದ್ದಲ್ಪಟ್ಟುದೋ ಎಂಬುದು ಇತಿಹಾಸಕಾರನು ಯಾವುದೇ ಆಧಾರವನ್ನು ಕೈಗೆತ್ತಿಕೊಂಡೊಡನೆ ಕೇಳುವ ಮೊದಲನೆಯ ಪ್ರಶ್ನೆಯಾಗಿರುತ್ತದೆ. ಕೋಷ್ಟಕಗಳನ್ನು ರಚಿಸುವವನು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆಯೂ ಇದೇ ಎಂಬುದನ್ನು ಮುಂದಿನ ವಿವೇಚನೆಯಿಂದ ತಿಳಿಯಬಹುದು.

೨. ಸಂಬಂಧಾತ್ಮಕ ಪದ್ಧತಿ

ಇಂದು ಬಳಕೆಯಲ್ಲಿರುವ ಕೋಷ್ಟಕ ಪದ್ಧತಿಯ ತಳಹದಿಯನ್ನು ಹಾಕಿದವನು ಎಡ್ಗರ್ ಎಫ್. ಕಾಡ್. ಐ.ಬಿ.ಎಂ. ಸಂಸ್ಥೆಯ ಸ್ಯಾನ್ ಹೊಸೆ ಸಂಶೋಧನಾಲಯದಲ್ಲಿದ್ದ ಈತನು ೧೯೭೦ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ಪ್ರಬಂಧವು ಈ ಶಾಸ್ತ್ರದ ಮೂಲಗ್ರಂಥವೆಂದು ಗಣ್ಯವಾಗಿದೆ. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಪದ್ಧತಿಗಳಲ್ಲಿ ದತ್ತಾಂಶಗಳು ಮರದ ಕೊಂಬೆಗಳಂತೆ ಒಂದಕ್ಕೊಂದು ಕಟ್ಟಲ್ಪಟ್ಟಿದ್ದುವು. ಬೇಕಾದುದನ್ನು ಪಡೆಯಬೇಕಾದರೆ ಅದು ಯಾವ ಕೊಂಬೆಯಲ್ಲಿದೆ, ಅಲ್ಲಿಗೆ ಹೋಗುವ ದಾರಿ ಯಾವುದು ಎಂಬುದನ್ನು ಕ್ರಮವಿಧಿಯನ್ನು ಬರೆಯುವವನು ಮೊದಲೇ ಅರಿತಿರಬೇಕಾಗಿತ್ತು. ಕಾಡ್‌ನು ಈ ದಾರಿಗಳನ್ನು ತೊಡೆದುಹಾಕಿ, ಸಮಸ್ತ ದತ್ತಾಂಶಗಳನ್ನೂ ಸಾಲು ಮತ್ತು ಕಾಲಂಗಳುಳ್ಳ ಕೋಷ್ಟಕಗಳನ್ನಾಗಿ ಭಾವಿಸಬೇಕೆಂದೂ, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಅವುಗಳಲ್ಲಿ ಸಮಾನವಾಗಿ ಬರೆದಿರುವ ಮೌಲ್ಯದಿಂದಲೇ ತಿಳಿಯಬೇಕೆಂದೂ ಪ್ರತಿಪಾದಿಸಿದನು. ೧೯೭೪ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬುವರು ಈ ಕೋಷ್ಟಕಗಳನ್ನು ಪ್ರಶ್ನಿಸುವುದಕ್ಕಾಗಿ ಒಂದು ಭಾಷೆಯನ್ನು ರೂಪಿಸಿದರು. ಅದೇ ಮುಂದೆ ಎಸ್.ಕ್ಯೂ.ಎಲ್. ಎಂದು ಪ್ರಸಿದ್ಧವಾಯಿತು. ೧೯೭೬ರಲ್ಲಿ ಪೀಟರ್ ಚೆನ್ ಎಂಬುವನು ವಸ್ತುಗಳನ್ನೂ ಅವುಗಳ ಪರಸ್ಪರ ಸಂಬಂಧಗಳನ್ನೂ ಚಿತ್ರದಲ್ಲಿ ತೋರಿಸುವ ಕ್ರಮವನ್ನು ನಿರೂಪಿಸಿದನು. ಕಾಡ್‌ನಿಗೆ ೧೯೮೧ರಲ್ಲಿ ಟ್ಯೂರಿಂಗ್ ಪಾರಿತೋಷಕವು ದೊರೆಯಿತು.

೩. ಒಂದೇ ಪಟ್ಟಿಯ ದೋಷಗಳು

ಮೊದಲಬಾರಿಗೆ ಈ ಕೆಲಸಕ್ಕೆ ತೊಡಗುವವರು ಒಂದೇ ದೊಡ್ಡ ಪಟ್ಟಿಯನ್ನು ಕಲ್ಪಿಸಿಕೊಳ್ಳುವುದು ವಾಡಿಕೆ. ಗ್ರಾಹಕನ ಹೆಸರು, ಫೋನಿನ ಸಂಖ್ಯೆ, ವಿಳಾಸ, ಹೋಟೆಲಿನ ಹೆಸರು, ಮೊದಲನೆಯ ತಿನಿಸು, ಅದರ ಬೆಲೆ, ಎರಡನೆಯ ತಿನಿಸು, ಅದರ ಬೆಲೆ, ಒಟ್ಟು ಹಣ—ಹೀಗೆ ಒಂದು ಆರ್ಡರಿಗೆ ಒಂದು ಸಾಲು. ಮೇಲುನೋಟಕ್ಕೆ ಇದು ಸುಲಭವಾಗಿ ತೋರಿದರೂ ಇದರಲ್ಲಿ ನಾಲ್ಕು ದೋಷಗಳಿವೆ.

ಮೊದಲನೆಯದಾಗಿ, ತಿನಿಸುಗಳಿಗೆ ಎಷ್ಟು ಕಾಲಂಗಳನ್ನು ಬಿಡಬೇಕೆಂಬುದು ನಿಶ್ಚಯವಾಗುವುದಿಲ್ಲ. ಐದಕ್ಕೆ ಬಿಟ್ಟರೆ ಆರನೆಯ ತಿನಿಸಿಗೆ ಸ್ಥಳವಿಲ್ಲ. ಇಪ್ಪತ್ತಕ್ಕೆ ಬಿಟ್ಟರೆ ಬಹುಪಾಲು ಬರಿದಾಗಿರುವುವು. ಎರಡನೆಯದಾಗಿ, ಒಬ್ಬನೇ ಗ್ರಾಹಕನು ನೂರು ಬಾರಿ ಆರ್ಡರು ಮಾಡಿದರೆ ಆತನ ಫೋನಿನ ಸಂಖ್ಯೆಯನ್ನು ನೂರು ಕಡೆ ಬರೆಯಬೇಕಾಗುವುದು. ಸಂಖ್ಯೆ ಬದಲಾದಾಗ ತೊಂಬತ್ತು ಕಡೆ ತಿದ್ದಿ ಹತ್ತು ಕಡೆ ಮರೆತರೆ ಯಾವುದು ಸರಿಯೆಂದು ತಿಳಿಯುವ ಬಗೆಯಿಲ್ಲ. ಮೂರನೆಯದಾಗಿ, ಹೊಸದಾಗಿ ಸೇರಿದ ಹೋಟೆಲಿಗೆ ಇನ್ನೂ ಒಂದು ಆರ್ಡರೂ ಬಂದಿಲ್ಲವಾದರೆ ಅದರ ಹೆಸರನ್ನು ಬರೆದಿಡುವುದಕ್ಕೆ ಪಟ್ಟಿಯಲ್ಲಿ ಎಡೆಯೇ ಇಲ್ಲ. ನಾಲ್ಕನೆಯದಾಗಿ, ಒಂದು ಹೋಟೆಲಿಗೆ ಬಂದ ಏಕೈಕ ಆರ್ಡರಿನ ಸಾಲನ್ನು ಅಳಿಸಿದರೆ ಅದರೊಡನೆ ಆ ಹೋಟೆಲಿನ ಅಸ್ತಿತ್ವವೂ ಅಳಿಸಿಹೋಗುವುದು.

ಈ ದೋಷಗಳನ್ನು ಪರಿಹರಿಸುವುದಕ್ಕಾಗಿ ಕಾಡ್‌ನು ಸೂಚಿಸಿದ ವಿಧಾನಕ್ಕೆ ನಾರ್ಮಲೈಸೇಷನ್ ಅಥವಾ ಸಾಮಾನ್ಯೀಕರಣವೆಂದು ಹೆಸರು. ಇದರ ಸಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಒಂದು ಸಂಗತಿಯನ್ನು ಒಂದೇ ಸ್ಥಳದಲ್ಲಿ ಬರೆಯತಕ್ಕದ್ದು, ಉಳಿದೆಡೆಗಳಲ್ಲಿ ಅದನ್ನು ಸೂಚಿಸತಕ್ಕದ್ದು.

೪. ಕೋಷ್ಟಕಗಳ ವಿಂಗಡಣೆ

ಮೇಲ್ಕಂಡ ತತ್ತ್ವಕ್ಕೆ ಅನುಸಾರವಾಗಿ ಒಂದು ಸಾಧಾರಣ ವ್ಯವಸ್ಥೆಗೆ ಈ ಕೆಳಗಿನ ಕೋಷ್ಟಕಗಳು ಅವಶ್ಯಕವೆಂದು ಹೇಳಬಹುದು.

(ಅ) ಗ್ರಾಹಕ: ಗುರುತಿನ ಸಂಖ್ಯೆ, ಹೆಸರು, ಫೋನು.
(ಆ) ವಿಳಾಸ: ಗ್ರಾಹಕನ ಗುರುತು, ಮನೆ ಮತ್ತು ಬೀದಿಯ ವಿವರ, ಪಿನ್‌ಕೋಡು. ಒಬ್ಬನಿಗೆ ಮನೆ, ಕಛೇರಿ ಎಂದು ಹಲವು ವಿಳಾಸಗಳಿರಬಹುದಾದುದರಿಂದ ಇದು ಪ್ರತ್ಯೇಕವಾಗಿರಬೇಕು.
(ಇ) ಹೋಟೆಲು: ಗುರುತು, ಹೆಸರು, ಸ್ಥಳ, ತೆರೆಯುವ ಮತ್ತು ಮುಚ್ಚುವ ವೇಳೆ.
(ಈ) ತಿನಿಸು: ಗುರುತು, ಹೋಟೆಲಿನ ಗುರುತು, ಹೆಸರು, ಈಗಿನ ಬೆಲೆ, ಈಗ ದೊರೆಯುವುದೇ ಇಲ್ಲವೇ ಎಂಬ ಸೂಚನೆ.
(ಉ) ಆರ್ಡರು: ಗುರುತು, ಗ್ರಾಹಕನ ಗುರುತು, ಹೋಟೆಲಿನ ಗುರುತು, ಆರ್ಡರು ಮಾಡಿದ ಕಾಲ.
(ಊ) ಬಾಬು: ಆರ್ಡರಿನ ಗುರುತು, ತಿನಿಸಿನ ಗುರುತು, ಎಷ್ಟು.
(ಋ) ಪಾವತಿ ಮತ್ತು (ೠ) ವಿತರಣೆ: ಇವುಗಳನ್ನು ಮುಂದೆ ವಿಚಾರಿಸಲಾಗುವುದು.

ಇವುಗಳಲ್ಲಿ ಬಾಬಿನ ಕೋಷ್ಟಕವು ವಿಶೇಷವಾಗಿ ಗಮನಿಸತಕ್ಕದ್ದಾಗಿದೆ. ಒಂದು ಆರ್ಡರಿನಲ್ಲಿ ಹಲವು ತಿನಿಸುಗಳು ಇರುತ್ತವೆ. ಒಂದೇ ತಿನಿಸು ಹಲವು ಆರ್ಡರುಗಳಲ್ಲಿ ಬರುತ್ತದೆ. ಈ ಉಭಯಮುಖವಾದ ಸಂಬಂಧವನ್ನು ಎರಡು ಕೋಷ್ಟಕಗಳಿಂದ ತೋರಿಸಲು ಬರುವುದಿಲ್ಲ. ನಡುವೆ ಮೂರನೆಯದೊಂದು ಬೇಕು. ಎರಡು ಇಡ್ಲಿ, ಒಂದು ಮಸಾಲೆ ದೋಸೆ, ಎರಡು ಕಾಫಿ ಎಂಬ ಆರ್ಡರಿಗೆ ಆರ್ಡರಿನ ಕೋಷ್ಟಕದಲ್ಲಿ ಒಂದು ಸಾಲೂ ಬಾಬಿನ ಕೋಷ್ಟಕದಲ್ಲಿ ಮೂರು ಸಾಲುಗಳೂ ಬರುತ್ತವೆ. ನಮ್ಮ ಅಂಗಡಿಗಳ ಲೆಕ್ಕದ ಪುಸ್ತಕಗಳಲ್ಲಿ ಬಾಬುವಾರು ಬರೆಯುವ ಕ್ರಮಕ್ಕೂ ಇದಕ್ಕೂ ಭೇದವಿಲ್ಲ.

ಗುರುತಿನ ಸಂಖ್ಯೆಯ ವಿಚಾರವಾಗಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಪ್ರತಿಯೊಂದು ಸಾಲನ್ನೂ ಇತರ ಸಾಲುಗಳಿಂದ ಬೇರ್ಪಡಿಸುವ ಕಾಲಂಗೆ ಪ್ರೈಮರಿ ಕೀ ಎಂದು ಹೆಸರು; ಅದನ್ನು ಬೇರೊಂದು ಕೋಷ್ಟಕದಲ್ಲಿ ಸೂಚನೆಯಾಗಿ ಬರೆದಾಗ ಅದು ಫಾರಿನ್ ಕೀ ಎನಿಸಿಕೊಳ್ಳುವುದು. ಫೋನಿನ ಸಂಖ್ಯೆಯನ್ನೇ ಗ್ರಾಹಕನ ಗುರುತಾಗಿ ಏಕೆ ಇಟ್ಟುಕೊಳ್ಳಬಾರದೆಂದು ಕೇಳಬಹುದು. ಫೋನಿನ ಸಂಖ್ಯೆಯು ಬದಲಾಗುವುದು; ಒಬ್ಬರು ಬಿಟ್ಟ ಸಂಖ್ಯೆಯು ಕಾಲಾನಂತರದಲ್ಲಿ ಇನ್ನೊಬ್ಬರಿಗೆ ಸಲ್ಲುವುದು. ಹೆಸರಂತೂ ನೂರಾರು ಜನರಿಗೆ ಒಂದೇ ಆಗಿರಬಹುದು. ಬಾದಾಮಿಯ ಚಾಲುಕ್ಯರಲ್ಲಿ ಇಬ್ಬರು ಪುಲಕೇಶಿಗಳಿದ್ದರು. ಹೊಯ್ಸಳರಲ್ಲಿ ಮೂವರು ನರಸಿಂಹರಿದ್ದರು. ಒಂದನೆಯ, ಎರಡನೆಯ ಎಂಬ ಸಂಖ್ಯೆಗಳನ್ನು ಆ ಅರಸರು ತಾವಾಗಿ ಧರಿಸಿದವರಲ್ಲ. ಗೊಂದಲವನ್ನು ತಪ್ಪಿಸುವುದಕ್ಕಾಗಿ ಇತಿಹಾಸಕಾರರು ಕೊಟ್ಟವು. ಕೋಷ್ಟಕದ ಗುರುತಿನ ಸಂಖ್ಯೆಯೂ ಹೀಗೆಯೇ ಹೊರಗಿನಿಂದ ಕೊಡತಕ್ಕದ್ದು, ಅರ್ಥರಹಿತವಾಗಿರತಕ್ಕದ್ದು ಮತ್ತು ಎಂದಿಗೂ ಬದಲಾಗದಿರತಕ್ಕದ್ದು.

೫. ಬೆಲೆ ಎಲ್ಲಿರಬೇಕು?

ಇಲ್ಲಿಗೆ ಪಠ್ಯಪುಸ್ತಕದ ಮಟ್ಟಿಗೆ ರಚನೆಯು ಮುಗಿದಂತೆ ತೋರುವುದು. ಆದರೆ ನಿಜವಾದ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ಮೇಲಿನ ರಚನೆಯಲ್ಲಿ ಬೆಲೆಯು ತಿನಿಸಿನ ಕೋಷ್ಟಕದಲ್ಲಿ ಮಾತ್ರವಿದೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕೆಂಬ ನಿಯಮಕ್ಕೆ ಇದು ಅನುಗುಣವಾಗಿಯೇ ಇದೆ. ನಿದರ್ಶನಾರ್ಥವಾಗಿ, ಒಂದು ಹೋಟೆಲಿನಲ್ಲಿ ಮಸಾಲೆ ದೋಸೆಯ ಬೆಲೆ ೭೦ ರೂಪಾಯಿ ಇದ್ದಾಗ ಒಬ್ಬನು ಎರಡು ದೋಸೆಗಳನ್ನು ತರಿಸಿ ೧೪೦ ರೂಪಾಯಿಗಳನ್ನು ಕೊಟ್ಟನೆಂದು ಇಟ್ಟುಕೊಳ್ಳೋಣ. ಮುಂದಿನ ತಿಂಗಳು ಹೋಟೆಲಿನವರು ಬೆಲೆಯನ್ನು ೮೦ಕ್ಕೆ ಏರಿಸುತ್ತಾರೆ. ತಿನಿಸಿನ ಕೋಷ್ಟಕದಲ್ಲಿ ಒಂದು ಅಂಕಿಯು ಬದಲಾಗುವುದು. ಆಮೇಲೆ ಹಳೆಯ ಆರ್ಡರಿನ ಬಿಲ್ಲನ್ನು ತೆಗೆದು ನೋಡಿದರೆ ಅದು ೧೬೦ ರೂಪಾಯಿ ಎಂದು ಹೇಳುವುದು. ಗ್ರಾಹಕನು ಕೊಟ್ಟುದು ೧೪೦. ಬ್ಯಾಂಕಿನ ಲೆಕ್ಕದಲ್ಲಿ ೧೪೦. ಈ ಬಿಲ್ಲಿನಲ್ಲಿ ೧೬೦. ಯಾರೂ ಸುಳ್ಳನ್ನು ಬರೆಯಲಿಲ್ಲ. ಆದರೂ ಕಳೆದ ಕಾಲವು ತಾನಾಗಿ ಬದಲಾಗಿಹೋಯಿತು.

ಇದು ಕೇವಲ ಕಲ್ಪನೆಯ ಮಾತಲ್ಲವೆಂಬುದಕ್ಕೆ ತೆರಿಗೆಯ ಇತಿಹಾಸದಿಂದ ಒಂದು ಉದಾಹರಣೆಯನ್ನು ಕೊಡಬಹುದು. ಸರಕು ಮತ್ತು ಸೇವಾ ತೆರಿಗೆಯು ೨೦೧೭ರ ಜುಲೈ ೧ರಂದು ಜಾರಿಗೆ ಬಂದಾಗ ಹವಾನಿಯಂತ್ರಣವುಳ್ಳ ಉಪಾಹಾರಗೃಹಗಳಿಗೆ ಶೇಕಡಾ ೧೮, ಅದಿಲ್ಲದ ಸಾಮಾನ್ಯ ಉಪಾಹಾರಗೃಹಗಳಿಗೆ ಶೇಕಡಾ ೧೨ ಎಂದು ದರವಿದ್ದಿತು. ಅದೇ ವರ್ಷ ನವೆಂಬರ್ ೧೫ರಿಂದ, ದೊಡ್ಡ ವಸತಿಗೃಹಗಳಲ್ಲಿರುವವನ್ನು ಬಿಟ್ಟು, ಇವೆರಡಕ್ಕೂ ಶೇಕಡಾ ೫ ಎಂದು ಗೊತ್ತುಮಾಡಲಾಯಿತು. ನವೆಂಬರ್ ೧೦ರಂದು ಹವಾನಿಯಂತ್ರಿತ ಹೋಟೆಲಿನಲ್ಲಿ ೨೦೦ ರೂಪಾಯಿಯ ಊಟಕ್ಕೆ ೩೬ ರೂಪಾಯಿ ತೆರಿಗೆ ಸೇರಿ ೨೩೬ ರೂಪಾಯಿಯನ್ನು ಪಡೆಯಲಾಗಿದ್ದಿತು. ತೆರಿಗೆಯ ದರವನ್ನು ಒಂದೇ ಕಡೆ ಬರೆದಿಟ್ಟು ಅದನ್ನು ೧೮ರಿಂದ ೫ಕ್ಕೆ ತಿದ್ದಿದ ವ್ಯವಸ್ಥೆಯಲ್ಲಿ ಅದೇ ಆರ್ಡರು ನವೆಂಬರ್ ೧೫ರ ಬೆಳಗ್ಗೆ ೨೧೦ ರೂಪಾಯಿಯದಾಗಿ ತೋರುವುದು. ಗ್ರಾಹಕರಿಂದ ಪಡೆದ ೨೬ ರೂಪಾಯಿಗೆ ಲೆಕ್ಕದಲ್ಲಿ ನೆಲೆಯೇ ಇಲ್ಲದಂತಾಗುವುದು. ಇಂತಹ ಸಾವಿರ ಆರ್ಡರುಗಳಿದ್ದರೆ ೨೬,೦೦೦ ರೂಪಾಯಿಗಳ ಬಗ್ಗೆ ಹೋಟೆಲಿನ ಯಜಮಾನನು ಅಧಿಕಾರಿಗಳಿಗೆ ಏನೆಂದು ಉತ್ತರ ಕೊಡಬೇಕು? ಮತ್ತೆ ೨೦೨೨ರ ಜನವರಿ ೧ರಿಂದ, ಮಧ್ಯವರ್ತಿ ಸಂಸ್ಥೆಯ ಮೂಲಕ ಮಾರಿದ ಊಟದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವ ಹೊಣೆಯು ಹೋಟೆಲಿನಿಂದ ಆ ಸಂಸ್ಥೆಗೆ ವರ್ಗವಾಯಿತು. ಆದುದರಿಂದ ಎಷ್ಟು ತೆರಿಗೆ ಎಂಬುದು ಮಾತ್ರವಲ್ಲದೆ ಅದನ್ನು ಯಾರು ಕಟ್ಟತಕ್ಕದ್ದೆಂಬುದೂ ಆರ್ಡರಿನ ದಿನಾಂಕವನ್ನು ಅವಲಂಬಿಸಿದೆ.

ಇದಕ್ಕೆ ಪರಿಹಾರವೆಂದರೆ, ಆರ್ಡರು ನಿಶ್ಚಯವಾದ ಕ್ಷಣದಲ್ಲಿ ತಿನಿಸಿನ ಹೆಸರು, ಅಂದಿನ ಬೆಲೆ, ಅಂದಿನ ತೆರಿಗೆಯ ದರ, ತೆರಿಗೆಯ ಮೊಬಲಗು, ಕೊಟ್ಟ ರಿಯಾಯಿತಿ ಇವುಗಳನ್ನು ಬಾಬಿನ ಸಾಲಿನಲ್ಲಿಯೇ ನಕಲು ಮಾಡಿ ಬರೆದುಬಿಡುವುದು. ಊಟವನ್ನು ತಲುಪಿಸಿದ ವಿಳಾಸವನ್ನೂ ಹಾಗೆಯೇ ಆರ್ಡರಿನ ಸಾಲಿನಲ್ಲಿ ಬರೆಯಬೇಕು. ಗ್ರಾಹಕನು ಮನೆ ಬದಲಾಯಿಸಿದ ಮಾತ್ರಕ್ಕೆ ಕಳೆದ ವರ್ಷದ ಊಟವು ಹೊಸ ಮನೆಗೆ ಹೋಗಿರಲಾರದಷ್ಟೆ.

ಒಂದೇ ಸಂಗತಿಯನ್ನು ಎರಡು ಕಡೆ ಬರೆದಂತಾಯಿತಲ್ಲಾ, ಇದರಿಂದ ಸಾಮಾನ್ಯೀಕರಣದ ನಿಯಮಕ್ಕೆ ಭಂಗ ಬರಲಿಲ್ಲವೇ ಎಂದು ಆಕ್ಷೇಪಿಸುವವರುಂಟು. ಈ ಆಕ್ಷೇಪವು ಶಬ್ದಸಾಮ್ಯದಿಂದ ಹುಟ್ಟಿದುದು. ‘ದೋಸೆಯ ಬೆಲೆ’ ಎಂಬುದು ಒಂದು ಸಂಗತಿ. ‘ಇಂಥ ದಿನ ಇಂಥವನಿಗೆ ಮಾರಿದ ದೋಸೆಗೆ ಪಡೆದ ಬೆಲೆ’ ಎಂಬುದು ಬೇರೊಂದು ಸಂಗತಿ. ಎರಡೂ ಒಂದು ಕ್ಷಣದಲ್ಲಿ ೭೦ ಎಂದೇ ಇದ್ದುವಾದರೂ ಮೊದಲನೆಯದು ಮುಂದೆ ಬದಲಾಗಬಲ್ಲುದು, ಎರಡನೆಯದು ಎಂದಿಗೂ ಬದಲಾಗಲಾರದು. ಬೇರೆ ಬೇರೆಯಾದ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಬರೆಯುವುದರಿಂದ ನಿಯಮಭಂಗವಾಗುವುದಿಲ್ಲ. ಅವೆರಡನ್ನೂ ಒಂದೇ ಎಂದು ಭ್ರಮಿಸುವುದರಿಂದಲೇ ಭಂಗವಾಗುವುದು.

ಬೆಲೆಗಳಿಗಾಗಿಯೇ ಒಂದು ಪ್ರತ್ಯೇಕ ಕೋಷ್ಟಕವನ್ನಿಟ್ಟು, ಇಂಥ ದಿನದಿಂದ ಇಂಥ ದಿನದವರೆಗೆ ಇಷ್ಟು ಎಂದು ಬರೆಯುವ ಇನ್ನೊಂದು ಕ್ರಮವೂ ಇದೆ. ೨೦೧೧ರಲ್ಲಿ ಎಸ್.ಕ್ಯೂ.ಎಲ್. ಭಾಷೆಯ ಪ್ರಮಾಣಗ್ರಂಥದಲ್ಲಿಯೇ ಇಂತಹ ಕಾಲಾವಧಿಗಳಿಗೆ ಸ್ಥಾನ ದೊರೆಯಿತು. ಬೆಲೆಯು ಏರಿದ ಬಗೆಯನ್ನು ತಿಳಿಯಬೇಕಾದವರಿಗೆ ಇದು ಉಪಯುಕ್ತವಾದುದೇ. ಆದರೆ ಇದು ಹೇಳುವುದು ಅಂದು ಪಡೆಯಬೇಕಾಗಿದ್ದ ಬೆಲೆಯನ್ನೇ ಹೊರತು ಪಡೆದ ಬೆಲೆಯನ್ನಲ್ಲ. ವಿಧಿಸಿದುದಕ್ಕೂ ನಡೆದುದಕ್ಕೂ ವ್ಯತ್ಯಾಸವಿರಬಹುದೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಆದಕಾರಣ ಈ ಕೋಷ್ಟಕವಿದ್ದರೂ ಬಾಬಿನಲ್ಲಿ ನಕಲು ಇರಲೇಬೇಕು.

೬. ಕಡತ ಮತ್ತು ಶಾಸನ

ಈ ಭೇದವು ನಮ್ಮ ನಾಡಿನ ಲೇಖನಪರಂಪರೆಗೆ ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ನಮ್ಮ ವರ್ತಕರೂ ಮಠಮಾನ್ಯಗಳವರೂ ಲೆಕ್ಕಪತ್ರಗಳನ್ನು ಇಡುತ್ತಿದ್ದರು. ಕಡತದಲ್ಲಿ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದಿತು. ಅದೇ ಅದರ ಅನುಕೂಲ. ಶಾಶ್ವತವಾಗಿ ನಿಲ್ಲಬೇಕಾದ ದಾನವನ್ನಾದರೋ ಕಲ್ಲಿನ ಮೇಲೆ ಅಥವಾ ತಾಮ್ರಪಟದ ಮೇಲೆ ಕೊರೆಯುತ್ತಿದ್ದರು.

ಶಾಸನದ ಒಕ್ಕಣೆಯಲ್ಲಿ ಇನ್ನೊಂದು ವಿಶೇಷವಿದೆ. ದಾನಿಯ ಹೆಸರು, ಪಡೆದವನ ಹೆಸರು, ಶಕವರ್ಷ, ಸಂವತ್ಸರ, ತಿಥಿ, ವಾರ, ಭೂಮಿಯ ಎಲ್ಲೆಗಳು ಇವೆಲ್ಲವೂ ಅದರಲ್ಲಿಯೇ ಇರುವುವು. ಇಷ್ಟು ಮತ್ತರು ಎಂದು ಹೇಳಿ ಬಿಡದೆ, ಇಂಥ ಕೋಲಿನ ಅಳತೆಯಲ್ಲಿ ಇಷ್ಟು ಮತ್ತರು ಎಂದು ಎಷ್ಟೋ ಶಾಸನಗಳು ಹೇಳುತ್ತವೆ. ಅಳತೆಯ ಕೋಲು ಊರಿನಿಂದ ಊರಿಗೆ ಭಿನ್ನವಾಗಿದ್ದಿತು. ಕೋಲಿನ ಹೆಸರನ್ನು ಹೇಳದೆ ಬಿಟ್ಟಿದ್ದರೆ ದಾನದ ಭೂಮಿಯು ಮುಂದೆ ಬಂದವರ ಕೋಲಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಸಂಭವವಿದ್ದಿತು. ಬಾಬಿನ ಸಾಲಿನಲ್ಲಿ ತೆರಿಗೆಯ ದರವನ್ನು ಬರೆಯುವುದೂ ಶಾಸನದಲ್ಲಿ ಕೋಲನ್ನು ಹೆಸರಿಸುವುದೂ ಒಂದೇ ಉದ್ದೇಶದಿಂದ.

ಈ ದೃಷ್ಟಿಯಿಂದ ಮೇಲಿನ ಕೋಷ್ಟಕಗಳನ್ನು ಎರಡು ವರ್ಗವಾಗಿ ವಿಂಗಡಿಸಬಹುದು. ಗ್ರಾಹಕ, ವಿಳಾಸ, ಹೋಟೆಲು, ತಿನಿಸು ಇವು ಕಡತದ ವರ್ಗಕ್ಕೆ ಸೇರಿದುವು. ಇವು ಇಂದಿನ ಸ್ಥಿತಿಯನ್ನು ಹೇಳುವುವು, ಇವನ್ನು ತಿದ್ದಬಹುದು. ಆರ್ಡರು, ಬಾಬು, ಪಾವತಿ, ವಿತರಣೆ ಇವು ಶಾಸನದ ವರ್ಗಕ್ಕೆ ಸೇರಿದುವು. ಇವು ನಡೆದುದನ್ನು ಹೇಳುವುವು, ಇವನ್ನು ತಿದ್ದಬಾರದು. ರಚನೆಯಲ್ಲಿ ಕಂಡುಬರುವ ದೋಷಗಳಲ್ಲಿ ಹೆಚ್ಚಿನವು ಶಾಸನವನ್ನು ಕಡತದಂತೆ ಬಳಸುವುದರಿಂದ ಉಂಟಾಗುತ್ತವೆ.

೭. ಸ್ಥಿತಿಗತಿಗಳು ಮತ್ತು ಕಾಲ

ಇದಕ್ಕೆ ಇನ್ನೊಂದು ನಿದರ್ಶನವೆಂದರೆ ಆರ್ಡರಿನ ಸ್ಥಿತಿ. ಆರ್ಡರು ಬಂದಿತು, ಹೋಟೆಲಿನವರು ಒಪ್ಪಿದರು, ಅಡುಗೆ ಸಿದ್ಧವಾಯಿತು, ವಿತರಕನು ಪಡೆದುಕೊಂಡನು, ಮನೆಗೆ ತಲುಪಿತು ಎಂದು ಐದು ಹಂತಗಳಿವೆ. ಆರ್ಡರಿನ ಕೋಷ್ಟಕದಲ್ಲಿ ‘ಸ್ಥಿತಿ’ ಎಂಬ ಒಂದೇ ಕಾಲಂ ಇಟ್ಟು ಹಂತ ಬದಲಾದಾಗಲೆಲ್ಲ ಅದನ್ನು ತಿದ್ದುತ್ತಾ ಹೋದರೆ ಕೊನೆಗೆ ಉಳಿಯುವುದು ‘ತಲುಪಿತು’ ಎಂಬ ಒಂದೇ ಮಾತು. ಊಟವು ಮುಕ್ಕಾಲು ಗಂಟೆ ತಡವಾಗಿ ಬಂದಿತೆಂದು ಗ್ರಾಹಕನು ದೂರಿದಾಗ, ತಡವಾದುದು ಅಡುಗೆಮನೆಯಲ್ಲಿಯೋ ದಾರಿಯಲ್ಲಿಯೋ ಎಂಬುದನ್ನು ನಿರ್ಣಯಿಸಲು ಯಾವ ಆಧಾರವೂ ಉಳಿದಿರುವುದಿಲ್ಲ. ಆಧಾರವಿಲ್ಲದೆಡೆ ದೋಷವು ದುರ್ಬಲನ ಮೇಲೆ ಬೀಳುವುದು ಲೋಕರೂಢಿ. ಇಲ್ಲಿ ದುರ್ಬಲನೆಂದರೆ ಬಿಸಿಲಲ್ಲಿ ಮಳೆಯಲ್ಲಿ ಸ್ಕೂಟರಿನ ಮೇಲೆ ಊಟವನ್ನು ಹೊತ್ತು ತರುವವನು. ಆದುದರಿಂದ ‘ಘಟನೆ’ ಎಂಬ ಪ್ರತ್ಯೇಕ ಕೋಷ್ಟಕವಿರಬೇಕು: ಆರ್ಡರಿನ ಗುರುತು, ಯಾವ ಹಂತ, ಯಾವ ಕಾಲ, ಯಾರಿಂದ. ಪ್ರತಿಯೊಂದು ಹಂತಕ್ಕೂ ಒಂದು ಹೊಸ ಸಾಲು. ಯಾವ ಸಾಲನ್ನೂ ತಿದ್ದಬಾರದು.

ವಿತರಕನ ಸಂಭಾವನೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ೨೦೨೫ರಲ್ಲಿ ಕರ್ನಾಟಕ ಸರ್ಕಾರವು ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ತಂದ ಕಾನೂನಿನಲ್ಲಿ, ಪ್ರತಿಯೊಂದು ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಸಂದಾಯದ ಮೇಲೆ ಶೇಕಡಾ ೧ರಿಂದ ೫ರವರೆಗೆ ಕಲ್ಯಾಣಶುಲ್ಕವನ್ನು ಸಂಸ್ಥೆಗಳಿಂದ ಪಡೆಯುವ ಏರ್ಪಾಡಿದೆ. ತಿಂಗಳಿಗೊಂದು ಒಟ್ಟು ಮೊತ್ತವನ್ನು ಮಾತ್ರ ಬರೆದಿಡುವ ಕೋಷ್ಟಕದಿಂದ ಇಂತಹ ಶುಲ್ಕವನ್ನು ಲೆಕ್ಕಹಾಕಲು ಬರುವುದಿಲ್ಲ. ವಿತರಣೆಯ ಪ್ರತಿಯೊಂದು ಸಾಲಿನಲ್ಲಿಯೂ ಆ ಒಂದು ಸಲದ ಸಂದಾಯ, ಅಂದಿನ ಶುಲ್ಕದ ದರ ಮತ್ತು ಶುಲ್ಕ ಇವು ಬರೆದಿರಬೇಕು. ಕಾಲಂ ಒಂದನ್ನು ಬಿಟ್ಟುದರಿಂದ ಕಾರ್ಮಿಕನ ಹಕ್ಕೊಂದು ಲೆಕ್ಕಕ್ಕೆ ಸಿಗದೆ ಹೋಗಬಹುದೆಂಬುದು ಇದರಿಂದ ವಿಶದವಾಗುತ್ತದೆ.

೮. ಹಣದ ಲೆಕ್ಕ

ಹಣವನ್ನು ಕುರಿತು ಮೂರು ನಿಯಮಗಳನ್ನು ಹೇಳಬಹುದು.

ಮೊದಲನೆಯದು, ಹಣವನ್ನು ಫ್ಲೋಟಿಂಗ್ ಪಾಯಿಂಟ್ ಎಂಬ ಜಾತಿಯ ಸಂಖ್ಯೆಯಾಗಿ ಎಂದಿಗೂ ಇಡಬಾರದು. ಮೂರನೆಯ ಒಂದು ಭಾಗವನ್ನು ದಶಾಂಶದಲ್ಲಿ ಪೂರ್ಣವಾಗಿ ಬರೆಯಲು ಬಾರದಿರುವಂತೆ, ಹತ್ತನೆಯ ಒಂದು ಭಾಗವನ್ನು ಯಂತ್ರದ ದ್ವಿಮಾನ ಪದ್ಧತಿಯಲ್ಲಿ ಪೂರ್ಣವಾಗಿ ಬರೆಯಲು ಬರುವುದಿಲ್ಲ. ಆದಕಾರಣ ೦.೧ ಮತ್ತು ೦.೨ನ್ನು ಕೂಡಿದರೆ ಯಂತ್ರವು ೦.೩ಕ್ಕಿಂತ ಲೇಶಮಾತ್ರ ಹೆಚ್ಚಾದ ಸಂಖ್ಯೆಯನ್ನು ಕೊಡುವುದು. ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಅಥವಾ ನಿಶ್ಚಿತ ದಶಾಂಶವುಳ್ಳ ಸಂಖ್ಯೆಯಾಗಿ ಇಡುವುದೇ ಸರಿ.

ಎರಡನೆಯದು, ಲೆಕ್ಕದಿಂದ ಬಂದ ಮೊಬಲಗನ್ನೂ ಬರೆದಿಡಬೇಕು. ೮೫ ರೂಪಾಯಿಗೆ ಶೇಕಡಾ ೫ರಂತೆ ತೆರಿಗೆಯು ೪ ರೂಪಾಯಿ ೨೫ ಪೈಸೆ. ಆದರೆ ಅದು ಕೇಂದ್ರಕ್ಕೆ ಶೇಕಡಾ ೨.೫, ರಾಜ್ಯಕ್ಕೆ ಶೇಕಡಾ ೨.೫ ಎಂದು ಹಂಚಿಹೋಗುವುದು. ಪ್ರತಿಯೊಂದೂ ೨ ರೂಪಾಯಿ ೧೨½ ಪೈಸೆ. ಅರ್ಧ ಪೈಸೆಯನ್ನು ಮೇಲಕ್ಕೆ ಹಿಡಿದರೆ ೨.೧೩ ಮತ್ತು ೨.೧೩ ಸೇರಿ ೪.೨೬ ಆಗುವುದು. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯಪದ್ಧತಿಯು ಜಾರಿಗೆ ಬಂದಾಗ ಒಂದು ಆಣೆಗೆ ೬¼ ನಯೇಪೈಸೆ ಎಂದಾಗಿ, ಪೈಸೆಯ ಭಿನ್ನಾಂಶವನ್ನು ಯಾವ ಕಡೆಗೆ ಹಿಡಿಯಬೇಕೆಂಬ ಪ್ರಶ್ನೆಯು ಅಂಗಡಿ ಅಂಗಡಿಯಲ್ಲಿಯೂ ಎದ್ದಿದ್ದಿತು. ಪ್ರಶ್ನೆಯು ಇಂದಿಗೂ ಹಾಗೆಯೇ ಇದೆ. ದರದಿಂದ ಮತ್ತೆ ಲೆಕ್ಕಹಾಕಿದರೆ ಅಂದಿನ ಉತ್ತರವೇ ಬರುವುದೆಂಬ ಭರವಸೆಯಿಲ್ಲ. ಆದುದರಿಂದ ಅಂದು ಪಡೆದ ಮೊಬಲಗೇ ಪ್ರಮಾಣ.

ಮೂರನೆಯದು, ತಪ್ಪಾದ ಪಾವತಿಯನ್ನು ಅಳಿಸಬಾರದು. ಹಣವನ್ನು ಹಿಂದಿರುಗಿಸಿದಾಗ ಹಳೆಯ ಸಾಲನ್ನು ಹಾಗೆಯೇ ಬಿಟ್ಟು, ಹಿಂದಿರುಗಿಸಿದುದಕ್ಕೆ ಹೊಸ ಸಾಲನ್ನು ಬರೆಯಬೇಕು. ೧೪೯೪ರಲ್ಲಿ ವೆನಿಸ್‌ನಲ್ಲಿ ಮುದ್ರಿತವಾದ ಲೂಕಾ ಪಾಚೋಲಿಯ ಗಣಿತಗ್ರಂಥದಲ್ಲಿ ಜಮಾಖರ್ಚಿನ ದ್ವಿನಮೂದು ಪದ್ಧತಿಯು ವಿವರಿಸಲ್ಪಟ್ಟಿದೆ. ತಪ್ಪು ನಮೂದನ್ನು ಕೆರೆದುಹಾಕದೆ ಎದುರು ನಮೂದಿನಿಂದ ಸರಿಪಡಿಸುವುದು ಆ ಪರಂಪರೆಯ ಲೆಕ್ಕಿಗರ ನಡವಳಿಕೆಯಾಗಿದೆ.

ಪಾವತಿಗೂ ಆರ್ಡರಿಗೂ ಇರುವ ನಂಟನ್ನೂ ಇಲ್ಲಿಯೇ ಹೇಳಬೇಕು. ಆರ್ಡರು, ಅದರ ಬಾಬುಗಳು, ಪಾವತಿ ಇವೆಲ್ಲವೂ ಒಟ್ಟಿಗೆ ಬರೆಯಲ್ಪಡಬೇಕು. ಇಲ್ಲವೇ ಯಾವುದೂ ಬರೆಯಲ್ಪಡಬಾರದು. ಇದಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು. ಇದರ ಶಾಸ್ತ್ರವನ್ನು ಬೆಳಸಿದ ಜಿಮ್ ಗ್ರೇ ಎಂಬುವನಿಗೆ ೧೯೯೮ರ ಟ್ಯೂರಿಂಗ್ ಪಾರಿತೋಷಕವು ಸಂದಿತು. ಜಾಲದ ಸಂಪರ್ಕವು ನಡುವೆ ಕಡಿದು, ಗ್ರಾಹಕನು ಗಾಬರಿಯಿಂದ ಗುಂಡಿಯನ್ನು ಎರಡನೆಯ ಬಾರಿ ಒತ್ತಿದರೆ ಹಣವು ಎರಡು ಸಲ ಹೋಗಬಾರದು. ಅದಕ್ಕಾಗಿ ಪ್ರತಿಯೊಂದು ಪ್ರಯತ್ನಕ್ಕೂ ಒಂದು ವಿಶಿಷ್ಟ ಸಂಖ್ಯೆಯನ್ನು ಕೊಟ್ಟು, ಪಾವತಿಯ ಕೋಷ್ಟಕದಲ್ಲಿ ಅದೇ ಸಂಖ್ಯೆಯು ಎರಡನೆಯ ಬಾರಿ ಬರಕೂಡದೆಂಬ ಕಟ್ಟುಪಾಡನ್ನು ವಿಧಿಸುವುದು ಯುಕ್ತ.

೯. ಅಳಿಸುವುದರ ಮಿತಿ

ಶಾಸನದ ವರ್ಗದ ಕೋಷ್ಟಕಗಳನ್ನು ತಿದ್ದಬಾರದೆಂದರೆ, ಕಡತದ ವರ್ಗದವುಗಳನ್ನು ಮನಬಂದಂತೆ ಅಳಿಸಬಹುದೆಂದು ಅರ್ಥವಲ್ಲ. ಒಂದು ಹೋಟೆಲು ಮುಚ್ಚಿಹೋದರೂ ಅದರ ಹಳೆಯ ಆರ್ಡರುಗಳು ಅದರ ಗುರುತನ್ನು ಸೂಚಿಸುತ್ತಲೇ ಇರುವುವು. ಆದುದರಿಂದ ಆ ಸಾಲನ್ನು ಅಳಿಸದೆ, ‘ಇಂಥ ದಿನದಿಂದ ಮುಚ್ಚಿದೆ’ ಎಂದು ಬರೆಯಬೇಕು.

ಆದರೆ ಈ ವಾದವನ್ನು ಅತಿಗೆ ಒಯ್ಯಬಾರದು. ಗ್ರಾಹಕನ ಹೆಸರು, ಫೋನು, ಮನೆಯ ವಿಳಾಸ ಇವು ಆತನ ಸ್ವಂತ ವಿಷಯಗಳು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ತನ್ನ ವಿವರಗಳನ್ನು ಅಳಿಸಬೇಕೆಂದು ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ಬೇರೊಂದು ಕಾನೂನಿಗಾಗಿ ಇಟ್ಟುಕೊಳ್ಳಬೇಕಾದವು ಅದಕ್ಕೆ ಹೊರತು. ಸರಕು ಮತ್ತು ಸೇವಾ ತೆರಿಗೆಯ ಕಾನೂನಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣಪಟ್ಟಿಯ ಗಡುವಿನಿಂದ ೭೨ ತಿಂಗಳವರೆಗೆ ಕಾಪಾಡಬೇಕಾಗಿದೆ. ಒಂದು ಕಾನೂನು ಅಳಿಸೆನ್ನುವುದು, ಇನ್ನೊಂದು ಉಳಿಸೆನ್ನುವುದು. ರಚನೆಯು ಸಮರ್ಪಕವಾಗಿದ್ದರೆ ಎರಡನ್ನೂ ನಡೆಸಿಕೊಡಬಹುದು: ತಲುಪಿಸಿದ ವಿಳಾಸದ ನಕಲನ್ನು ಆರ್ಡರಿನ ಸಾಲಿಗೆ ಬೆಸೆಯದೆ, ಅದೇ ಗುರುತುಳ್ಳ ಒಂದು ಪಕ್ಕದ ಕೋಷ್ಟಕದಲ್ಲಿಟ್ಟರೆ, ಕಾಲ ಬಂದಾಗ ಮನುಷ್ಯನ ಗುರುತನ್ನು ತೆಗೆದು ವ್ಯವಹಾರದ ಲೆಕ್ಕವನ್ನು ಉಳಿಸಿಕೊಳ್ಳಲು ಸಾಧ್ಯ. ಮೇಲೆ ಐದನೆಯ ಭಾಗದಲ್ಲಿ ಹೇಳಿದ ಕ್ರಮಕ್ಕೆ ಇಷ್ಟು ತಿದ್ದುಪಡಿಯು ಅವಶ್ಯಕ.

೧೦. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಹೊರಪಡುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕೆಂಬುದು ಕೋಷ್ಟಕರಚನೆಯ ಮೊದಲನೆಯ ನಿಯಮ. ಇರುವುದು ಮತ್ತು ನಡೆದುದು ಎಂಬಿವು ಎರಡು ಬೇರೆ ಸಂಗತಿಗಳೆಂಬುದನ್ನು ಅರಿಯದವರಿಗೆ ಆ ನಿಯಮವೇ ಬಲೆಯಾಗುವುದು. ಇರುವುದನ್ನು ತಿದ್ದುತ್ತಿರಬೇಕು, ನಡೆದುದನ್ನು ಅದರ ಬೆಲೆ, ದರ, ಕಾಲಗಳೊಡನೆ ಬರೆದು ಮುಟ್ಟದೆ ಬಿಡಬೇಕು.

ಕಡತವೆಂಬ ಶಬ್ದವು ಇಂದು ಕನ್ನಡದಲ್ಲಿ ಕಛೇರಿಯ ಫೈಲಿಗೂ ಗಣಕದ ಫೈಲಿಗೂ ಬಳಕೆಯಾಗುತ್ತಿದೆ. ಬಳಪದ ಕಡತದ ಗುಣವು ಇವುಗಳಲ್ಲಿಯೂ ಇದೆ; ಒರಸಿದುದರ ಗುರುತು ಇವುಗಳಲ್ಲಿ ಇನ್ನೂ ಕಡಮೆ. ಕಲ್ಲನ್ನು ಕೊರೆದವನು ತಪ್ಪನ್ನು ತಿದ್ದಿದರೆ ಉಳಿಯ ಗೆರೆಯು ಉಳಿಯುತ್ತಿದ್ದಿತು. ಇಲ್ಲಿ ಅದೂ ಇಲ್ಲ. ಹೀಗಿರುವಲ್ಲಿ, ೧೪೦ ರೂಪಾಯಿ ಕೊಟ್ಟ ಗ್ರಾಹಕನಿಗೂ ತೆರಿ​ಗೆ ಕಟ್ಟಿದ ಹೋಟೆಲಿನವನಿಗೂ ಊಟವನ್ನು ಹೊತ್ತು ತಂದ ಕಾರ್ಮಿಕನಿಗೂ ಇರುವ ಸಾಕ್ಷಿಯೆಂದರೆ ರಚನಕಾರನು ಬರೆದಿಟ್ಟ ಕೆಲವು ಕಾಲಂಗಳು ಮಾತ್ರ. ಅವುಗಳನ್ನು ಗೊತ್ತುಮಾಡುವ ಕೆಲಸವನ್ನು ಯಂತ್ರದ ಕೆಲಸವೆಂದು ಉದಾಸೀನ ಮಾಡದೆ, ದಾಖಲೆಯನ್ನು ಬರೆಯುವ ಕರಣಿಕನ ಹೊಣೆಯೆಂದು ಭಾವಿಸಿ ನಡೆಸುವುದು ಉಚಿತವಾದುದು.